ಹೊಲದ ಕೆರೆ ಕೊಂಡವರಿಗೆ: ಏರಿಗಿಂತ ಮೊದಲು ಕೋಡಿ ನೋಡಿ

ಪುಣೆಯ ಕನ್ನಡದವರಲ್ಲಿ ನಾಲ್ಕಾರು ಮನೆಯವರು ಸೇರಿ ಮುಳಶಿ, ಮಾವಳ, ಭೋರ್, ವೆಲ್ಹೆ ಕಡೆ ಹತ್ತಿಪ್ಪತ್ತು ಎಕರೆ ಕೊಳ್ಳುವುದು ಈಗ ಸಾಮಾನ್ಯವಾಗಿದೆ. ಮಾರುವವನು ‘ಬಾರಾ ಮಹಿನೆ ಪಾಣಿ’ (ವರ್ಷವಿಡೀ ನೀರು) ಅಂತ ಹಳ್ಳಕ್ಕೆ ಅಡ್ಡ ಕಟ್ಟಿದ ಕೆರೆ ತೋರಿಸುತ್ತಾನೆ, ರೇಟು ಅಲ್ಲಿಗೇ ಏರುತ್ತದೆ. ಆ ಏರಿಯನ್ನು ಯಾರು ಕಟ್ಟಿದರು, ನಡುವೆ ಜೇಡಿಮಣ್ಣು ಇದೆಯೋ ಬರೀ ಮುರುಮೋ (ಪುಡಿಗಲ್ಲಿನ ಮಣ್ಣು), ತಳದಲ್ಲಿ ಗಟ್ಟಿ ನೆಲ ಸಿಗುವವರೆಗೆ ಅಗೆದಿದ್ದರೋ ಇಲ್ಲವೋ, ಇದ್ಯಾವುದೂ ಸಾತ್‌ಬಾರಾದಲ್ಲಿ (ಇಲ್ಲಿನ ಪಹಣಿ) ಬರೆದಿರುವುದಿಲ್ಲ. ಸಹಿ ಬಿದ್ದ ದಿನದಿಂದ ಹೊಣೆ ಮಾತ್ರ ನಿಮ್ಮದು.

ಲೆಕ್ಕಕ್ಕೆ ಒಂದು ಮಾದರಿ ಇಟ್ಟುಕೊಳ್ಳೋಣ. ಏರಿ 6 ಮೀಟರ್ ಎತ್ತರ. ತುಂಬಿದಾಗ ನೀರು 2 ಎಕರೆ ಹರಡುತ್ತದೆ, ಸರಾಸರಿ ಆಳ 2.5 ಮೀಟರ್. ಮೇಲಿನ ಗುಡ್ಡದಿಂದ ನೀರು ಇಳಿದು ಬರುವ ಪ್ರದೇಶ 40 ಹೆಕ್ಟೇರ್. ನಿಂತ ನೀರು ಸುಮಾರು 20,000 ಘನ ಮೀಟರ್, ಅಂದರೆ 2 ಕೋಟಿ ಲೀಟರ್. ಸೊಸೈಟಿಗೆ ಬರುವ 10,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 2,000 ಟ್ಯಾಂಕರ್. ಏರಿ ಒಡೆದರೆ ಇದರ ಬಹುಪಾಲು ಅರ್ಧ ಗಂಟೆಯೊಳಗೆ ಖಾಲಿಯಾಗಬಹುದು. ಒಡೆತದ ಲೆಕ್ಕಕ್ಕೆ ಎಂಜಿನಿಯರುಗಳು ಬಳಸುವ ಸೂತ್ರಕ್ಕೆ ಈ ಅಂಕಿ ಹಾಕಿದರೆ, ಹರಿವು ಜೋರಾದ ಗಳಿಗೆಯಲ್ಲಿ ಸೆಕೆಂಡಿಗೆ 80 ಘನ ಮೀಟರ್ ಆಸುಪಾಸು ಬರುತ್ತದೆ. ಅದೇ ಹಳ್ಳ ದೊಡ್ಡ ಮಳೆಯಲ್ಲಿ ಹೊರುವುದು ಇದರ ಹತ್ತನೇ ಒಂದು ಪಾಲೂ ಇಲ್ಲ. ಕೆಳಗೆ ಹಳ್ಳದ ದಂಡೆಯಲ್ಲಿ ನಾಲ್ಕು ಮನೆಯ ವಾಡಿ ಇದ್ದರೂ ಈ ಕೆರೆ ‘ಸಣ್ಣದು’ ಅಲ್ಲ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ ಅನ್ವಯಿಸುತ್ತದೆ. 10ರಿಂದ 15 ಮೀಟರಿನವು ಅದರೊಳಗೆ ಬರಬೇಕಾದರೆ ಏರಿಯ ಉದ್ದ 500 ಮೀಟರ್ ಇರಬೇಕು, ಅಥವಾ 10 ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಹೀಗೆ ಬೇರೆ ಷರತ್ತುಗಳಿವೆ. ನಿಮ್ಮ 6 ಮೀಟರಿನ ಏರಿ ಹೊರಗೇ ಉಳಿಯಿತು, ಅಂದರೆ ಸರ್ಕಾರದ ಕಡೆಯಿಂದ ನೋಡಲು ಯಾರೂ ಬರುವುದಿಲ್ಲ. ಹಾಗಂತ ಒಡೆದಾಗ ಕೇಳುವವರಿಲ್ಲ ಅಂತಲ್ಲ. ಸ್ವಂತ ಜಾಗದಲ್ಲಿ ನೀರು ಕೂಡಿಟ್ಟವನೇ ಅದು ಹೊರಬಿದ್ದು ಮಾಡಿದ ಹಾನಿಗೆ ಹೊಣೆ ಎಂಬ ನಿಯಮ ಇಂಗ್ಲೆಂಡಿನ 1868ರ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆಯಿಂದ ಬಂದದ್ದು. ಆ ಮೊಕದ್ದಮೆಯೇ ಒಂದು ಖಾಸಗಿ ಕೆರೆಯದು. ಕಾರ್ವೇಟಿನಗರಂ ಜಮೀನ್ದಾರರ ಕೆರೆಗಳು ಒಡೆದು ರೈಲು ಹಳಿ ಕೊಚ್ಚಿಹೋದ ಮೊಕದ್ದಮೆಯಲ್ಲಿ, ಆಗಿನ ಕೊನೆಯ ಮೇಲ್ಮನವಿಯ ಜಾಗವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ 1874ರಲ್ಲಿ ಜಮೀನ್ದಾರರನ್ನು ಬಿಟ್ಟಿತು ನಿಜ. ಆದರೆ ಅವು ರೈತರ ಸಲುವಾಗಿ ತಲೆತಲಾಂತರದಿಂದ ಉಳಿಸಿಕೊಂಡು ಬರಲೇಬೇಕಾಗಿದ್ದ ಕೆರೆಗಳು, ಜಮೀನ್ದಾರರ ಕಡೆಯಿಂದ ಅಲಕ್ಷ್ಯವೂ ಇರಲಿಲ್ಲ. ವೀಕೆಂಡಿಗೆ ಮೀನು ಹಿಡಿಯುವ ಕೆರೆಗೆ ಆ ರಕ್ಷೆ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ.

ಕೋಡಿ

ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿಯಬಾರದು. ಸಿಮೆಂಟಿನ ಗೋಡೆ ಅದನ್ನು ಒಂದಿಷ್ಟು ಹೊತ್ತು ತಡೆಯುತ್ತದೆ, ಮಣ್ಣು ತಡೆಯುವುದಿಲ್ಲ. ಹೊರಮೈಯಲ್ಲಿ ಮೊದಲು ಒಂದು ಕೊರಕಲು ಬೀಳುತ್ತದೆ, ಅದು ಹಿಂದಕ್ಕೆ ಕೊರೆಯುತ್ತ ಏರಿಯ ನೆತ್ತಿಗೆ ಬಂದರೆ ಮುಗಿಯಿತು. ಹೀಗಾಗಿ ಜಮೀನು ನೋಡಲು ಹೋದಾಗ ನಾನು ಮೊದಲು ನಡೆಯುವುದು ಕೋಡಿಯ ಕಡೆಗೆ, ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಬೀಳುವ ಜಾಗಕ್ಕೆ.

ಕೋಡಿ ಎಷ್ಟು ಅಗಲ ಬೇಕು? ಗಂಟೆಗೆ 100 ಮಿಲಿಮೀಟರ್ ಮಳೆ ಹಿಡಿಯಿರಿ. ಘಟ್ಟದ ಅಂಚಿಗೆ ಇದು ಅತಿಯಲ್ಲ. ಬಿದ್ದದ್ದರಲ್ಲಿ ಶೇ. 60 ಹರಿದು ಬರುತ್ತದೆ ಅನ್ನಿ. 0.6 ಗುಣಿಸು 100 ಗುಣಿಸು 40 ಹೆಕ್ಟೇರ್, ಅದನ್ನು 360ರಿಂದ ಭಾಗಿಸಿದರೆ ಸೆಕೆಂಡಿಗೆ 6.7 ಘನ ಮೀಟರ್. ಚಪ್ಪಟೆ ಕೋಡಿಯಲ್ಲಿ ಒಂದು ಮೀಟರ್ ಅಗಲಕ್ಕೆ ಎಷ್ಟು ಹರಿಯುತ್ತದೆಂದರೆ, ಕೋಡಿಗಿಂತ ಕೆರೆಯ ನೀರು ಎಷ್ಟು ಮೀಟರ್ ಮೇಲಿದೆಯೋ ಅದರ ಒಂದೂವರೆ ಘಾತದ 1.7 ಪಟ್ಟು. ನೀರು ಅರ್ಧ ಮೀಟರ್ ಏರಿದಾಗ ಮೀಟರಿಗೆ 0.6 ಘನ ಮೀಟರ್. ಆಗ 6.7ಕ್ಕೆ 11 ಮೀಟರ್ ಅಗಲ ಬೇಕು. ನೀರು 30 ಸೆಂಟಿಮೀಟರ್ ಮಾತ್ರ ಏರಲಿ ಅಂದರೆ 24 ಮೀಟರ್ ಬೇಕು.

ಈಗ ನಿಜವಾಗಿ ನಡೆಯುವುದೇನು ನೋಡಿ. ನವೆಂಬರಿನಲ್ಲಿ ಇನ್ನೊಂದಿಷ್ಟು ನೀರು ನಿಲ್ಲಲಿ ಅಂತ ಕೋಡಿಯ ಮೇಲೆ ಮರಳು ಚೀಲ ಪೇರಿಸುತ್ತಾರೆ, ಮುಂದೆ ಅದೇ ಜಾಗಕ್ಕೆ ಎರಡು ವರಸೆ ಇಟ್ಟಿಗೆ ಬಂದು ಕೂರುತ್ತದೆ. ಕೋಡಿಯಿಂದ ಏರಿಯ ನೆತ್ತಿಗೆ 1.2 ಮೀಟರ್ ಇತ್ತು ಅನ್ನಿ. ಅಲೆಗೆ 30 ಸೆಂಟಿಮೀಟರ್ ಬಿಟ್ಟರೆ ಹರಿಯಲು ಸಿಗುವುದು 90. ಹನ್ನೊಂದು ಮೀಟರಿನ ಕೋಡಿ ಆ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 16 ಘನ ಮೀಟರ್ ಹೊರಗೆ ಹಾಕುತ್ತದೆ. ಅರ್ಧ ಮೀಟರ್ ಇಟ್ಟಿಗೆ ಕಟ್ಟಿದ ಮೇಲೆ ಉಳಿಯುವುದು 40 ಸೆಂಟಿಮೀಟರ್, ಹರಿವು 4.7. ಅರ್ಧ ಮೀಟರ್ ನೀರಿನ ಆಸೆಗೆ ಕೋಡಿಯ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಹೋಯಿತು, ಬರಬೇಕಾದ 6.7ನ್ನು ಅದು ಇನ್ನು ತಾಳುವುದಿಲ್ಲ. ಮರಳು ಚೀಲ ಅಕ್ಟೋಬರ್ ಕೊನೆಗೆ ಇಟ್ಟು ಮೇ ತಿಂಗಳಲ್ಲಿ ತೆಗೆಯುವುದಾದರೆ ನನ್ನ ತಕರಾರಿಲ್ಲ. ಆದರೆ ತೆಗೆಯುವ ಕೆಲಸ ಯಾರದೆಂದು ಇಡುವ ದಿನವೇ ಗೊತ್ತಿರಬೇಕು. ಇಟ್ಟಿಗೆ ಮಾತ್ರ ಬೇಡ.

ಎರಡನೆಯದು ರಸ್ತೆ. ಆ ಕಡೆಯ ಪ್ಲಾಟಿಗೆ ಕಾರು ಹೋಗಲಿ ಅಂತ ಕೋಡಿಗೆ ಎರಡು ಹ್ಯೂಮ್ ಪೈಪು (ಕಾಂಕ್ರೀಟಿನ ಕೊಳವೆ) ಹಾಕಿ ಮೇಲೆ ಮುರುಮು ತುಂಬುತ್ತಾರೆ. 600 ಮಿಲಿಮೀಟರಿನ ಒಂದು ಪೈಪು, ನಡುಮಟ್ಟಕ್ಕಿಂತ ಒಂದು ಮೀಟರ್ ಮೇಲೆ ನೀರು ನಿಂತಾಗಲೂ ಸೆಕೆಂಡಿಗೆ ಮುಕ್ಕಾಲು ಘನ ಮೀಟರಿನಷ್ಟೇ ಬಿಡುತ್ತದೆ. ಒಂಬತ್ತು ಪೈಪು ಬೇಕಿದ್ದಲ್ಲಿ ಎರಡಿವೆ, ಅದರಲ್ಲೊಂದಕ್ಕೆ ಜುಲೈನಲ್ಲಿ ಬಿದಿರು ಸಿಕ್ಕಿಕೊಂಡಿರುತ್ತದೆ. ದಾಟಲೇಬೇಕಾದರೆ ಕೋಡಿಯ ತಳಕ್ಕೇ ಕಾಂಕ್ರೀಟ್ ಹಾಸಿ, ನೀರು ಹರಿಯುವ ದಿನಗಳಲ್ಲಿ ಕಾರು ಈಚೆಗೇ ನಿಲ್ಲಲಿ. ಮೂರನೆಯದು ಮೀನು ಹೋಗದಂತೆ ಕಟ್ಟುವ ಬಲೆ. ಕಸ ಸಿಕ್ಕಿದ ಬಲೆ ಗೋಡೆಯೇ ಸರಿ. ಮೇ ತಿಂಗಳಲ್ಲಿ ಬಿಚ್ಚಿ, ಹೋದ ಮೀನಿಗೆ ಬದಲು ಮುಂದಿನ ಸಲ ಮರಿ ಬಿಟ್ಟುಕೊಳ್ಳಿ.

ಕೋಡಿಯಿಂದ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂದೂ ನೋಡಿ. ಅರ್ಧ ಮೀಟರ್ ಏರಿಕೆಯಲ್ಲಿ ಕೋಡಿಯ ಮೇಲೆ ನೀರಿನ ವೇಗ ಸೆಕೆಂಡಿಗೆ 1.8 ಮೀಟರ್, ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಬರೀ ಮುರುಮು ಅದಕ್ಕೆ ನಿಲ್ಲದು. ಕಲ್ಲು ಹಾಸಬೇಕು, ಕೋಡಿಯ ತುದಿಗೆ ಗಟ್ಟಿ ನೆಲದವರೆಗೆ ಇಳಿದ ಕಾಂಕ್ರೀಟ್ ಅಡ್ಡಗೋಡೆ ಬೇಕು. ಕಾಲುವೆ ಏರಿಯ ಬುಡವನ್ನು ಸವರಿಕೊಂಡು ಹೋಗುತ್ತಿದ್ದರೆ ದಿಕ್ಕು ಬದಲಿಸಿ.

ಇನ್ನು ನೆತ್ತಿ. ಗಾರೆಯವರ ಹತ್ತಿರ ಇರುವ ಲೆವೆಲ್ ಟ್ಯೂಬ್ ಹಿಡಿದು ಪ್ರತಿ 10 ಮೀಟರಿಗೆ ಮಟ್ಟ ನೋಡಿ ಬರೆದಿಡಿ. ಸರಿಯಾಗಿ ದಿಮ್ಮಸು ಹಾಕಿದ ಏರಿಯೇ ಎತ್ತರದ ಶೇ. ಒಂದೆರಡರಷ್ಟು ಕುಸಿಯುತ್ತದೆ, ಸುರಿದು ಬಿಟ್ಟದ್ದು ಶೇ. 10ರವರೆಗೂ ಹೋಗಬಹುದು, ಅದರಲ್ಲೂ ಹಳೆಯ ಹಳ್ಳದ ಪಾತ್ರದ ಮೇಲೆ ಹೆಚ್ಚು. ನೀರು ಹತ್ತುವುದಾದರೆ ಅಲ್ಲೇ ಹತ್ತುತ್ತದೆ, ಬುಡದಿಂದ ಅಳೆದರೆ ಏರಿ ಅತಿ ಎತ್ತರ ಇರುವುದೂ ಅಲ್ಲೇ.

ತೂಬು, ಪೈಪು, ಸೈಫನ್

1961ರ ಜುಲೈ 12ರಂದು ಪಾನಶೆತ್ ಒಡೆದದ್ದನ್ನು ಪುಣೆಯಲ್ಲಿ ಇವತ್ತಿಗೂ ಮಾತಾಡುತ್ತಾರೆ. ಅದು ದೊಡ್ಡ ಅಣೆಕಟ್ಟು, ಆದರೆ ಪಾಠ ನಮ್ಮ ಅಳತೆಗೂ ಹೊಂದುತ್ತದೆ: ಏರಿಯ ಅಡಿಯಿಂದ ನೀರು ಬಿಡುವ ತೂಬಿನ ಕೆಲಸ ಮುಗಿಯುವ ಮೊದಲೇ ಮೊದಲ ಮಳೆಗಾಲದ ನೀರು ತುಂಬಿತು, ತೂಬಿನ ಮೇಲಿನ ಭಾಗದಲ್ಲಿ ಏರಿ ಕುಸಿಯಿತು. ಮಣ್ಣಿನ ಏರಿಯೊಳಗೆ ತೂರಿಸಿದ ಯಾವುದೇ ಗಟ್ಟಿ ವಸ್ತುವಿನ ಸುತ್ತ ಮಣ್ಣು ಸರಿಯಾಗಿ ಕೂರುವುದಿಲ್ಲ. ಪೈಪಿನ ಕೆಳಹೊಟ್ಟೆಯ ಎರಡು ಬದಿಗೆ ದಿಮ್ಮಸು ತಾಗುವುದೇ ಇಲ್ಲ. ನೀರು ಆ ಸಂದು ಹಿಡಿದು ಹೊರಗೆ ಬರುತ್ತದೆ, ಬರುವಾಗ ಒಂದೊಂದು ಚಿಟಿಕೆ ಮಣ್ಣು ತರುತ್ತದೆ.

ಇರುವ ಏರಿಯನ್ನು ಜೆಸಿಬಿಯಲ್ಲಿ ಸೀಳಿ ಪಿವಿಸಿ ಪೈಪು ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಏರಿಯ ಮೇಲಿಂದ ಸೈಫನ್ ಹಾಕಿ, ಅಂದರೆ ಒಮ್ಮೆ ನೀರು ತುಂಬಿಸಿದರೆ ಏರಿ ದಾಟಿ ತಾನಾಗಿ ಹರಿಯುವ ಪೈಪು. 110 ಮಿಲಿಮೀಟರ್ ಎಚ್‌ಡಿಪಿಇ ಪೈಪು, ಕೆರೆಯ ತುದಿಗೆ ಜಾಲರಿ ಸಮೇತ ಫುಟ್ ವಾಲ್ವ್, ನೆತ್ತಿಯ ಮೇಲೆ ನೀರು ತುಂಬಲು ಮುಚ್ಚಳದ ಬಾಯಿ, ಹೊರತುದಿಗೆ ವಾಲ್ವ್. ಹೊರತುದಿ ಕೆರೆಯ ನೀರಿಗಿಂತ ಕೆಳಗಿರಬೇಕು, ನೆತ್ತಿ ನೀರಿಗಿಂತ 5 ಮೀಟರಿಗೂ ಮೇಲೆ ಹೋಗಬಾರದು. ಗಾಳಿ ಎಳೆದುಕೊಂಡರೆ ಸೈಫನ್ ನಿಲ್ಲುತ್ತದೆ, ಆದ್ದರಿಂದ ಪೈಪು ವೆಲ್ಡ್ ಮಾಡಿದ್ದಾಗಿರಲಿ. ನಾಲ್ಕು ಮೀಟರ್ ಇಳಿತ, 40 ಮೀಟರ್ ಉದ್ದ ಇದ್ದರೆ ಸೆಕೆಂಡಿಗೆ ಸುಮಾರು 20 ಲೀಟರ್ ಬರುತ್ತದೆ, 2 ಎಕರೆ ಕೆರೆ ದಿನಕ್ಕೆ 20 ಸೆಂಟಿಮೀಟರ್ ಇಳಿಯುತ್ತದೆ. ಆ ವೇಗವೇ ಸರಿ. ಜೇಡಿಮಣ್ಣಿನ ಏರಿಯಲ್ಲಿ ನೀರನ್ನು ದಿನಕ್ಕೆ 30 ಸೆಂಟಿಮೀಟರಿಗಿಂತ ಬೇಗ ಇಳಿಸಿದರೆ ಒಳಮೈ ಜಾರಬಹುದು: ಮಣ್ಣಿನೊಳಗಿನ ನೀರು ಇಳಿದಿರುವುದಿಲ್ಲ, ಆಸರೆಗಿದ್ದ ಕೆರೆಯ ನೀರು ಹೋಗಿಬಿಟ್ಟಿರುತ್ತದೆ. ಹೂಳೆತ್ತುವ ಅವಸರಕ್ಕೆ ಮೂರು ದೊಡ್ಡ ಪಂಪು ಹಚ್ಚಿ ಖಾಲಿ ಮಾಡಿಸುವವರು ಇದನ್ನು ಗಮನಿಸಿ.

ಏರಿಯೊಳಗೆ ಹಳೆಯ ಪೈಪು ಈಗಾಗಲೇ ಇದ್ದರೆ ವಾಲ್ವ್ ಯಾವ ಕಡೆ ಇದೆ ನೋಡಿ. ಹೊರಗಡೆ ಮಾತ್ರ ಇದ್ದರೆ ಏರಿಯೊಳಗಿನ ಪೈಪಿನಲ್ಲಿ ಸದಾ ಒತ್ತಡ ಇರುತ್ತದೆ, ಒಂದು ಜಾಯಿಂಟ್ ಬಿಟ್ಟರೆ ಅದು ಒಳಗಿನಿಂದಲೇ ಮಣ್ಣು ತೊಳೆಯುತ್ತದೆ. ವಾಲ್ವ್ ಕೆರೆಯ ಕಡೆಗಿರಬೇಕು. ತುಕ್ಕು ಹಿಡಿದ ಪೈಪಾದರೆ ಕೆರೆ ಒಣಗಿದಾಗ ಎರಡೂ ಬಾಯಿಗೆ ಪ್ಲಗ್ ಹಾಕಿ, ಒಳಗೆ ಸಿಮೆಂಟ್ ಗ್ರೌಟ್ ತುಂಬಿಸಿ ಮುಚ್ಚಿಬಿಡುವುದು ಮೇಲು.

ಜಿನುಗುವ ನೀರು

ಪ್ರತಿ ಮಣ್ಣಿನ ಏರಿಯೂ ಜಿನುಗುತ್ತದೆ. ಹೆದರಬೇಕಾದದ್ದು ಜಿನುಗಿಗಲ್ಲ, ಅದು ಬದಲಾದಾಗ. ಬುಡದಲ್ಲಿ ಎಲ್ಲಿ ಜೊಂಡು ಬೆಳೆದಿದೆ, ಬೇಸಿಗೆಯಲ್ಲೂ ಎಲ್ಲಿ ಹುಲ್ಲು ಹಸಿರಾಗಿದೆ, ಎಲ್ಲಿ ಕಾಲು ಹುಗಿಯುತ್ತದೆ ಎಂದು ಒಂದು ನಕ್ಷೆ ಮಾಡಿಕೊಳ್ಳಿ. ನೀರನ್ನೆಲ್ಲ ಒಂದು ಸಣ್ಣ ಚರಂಡಿಗೆ ಕೂಡಿಸಿ, ಅಡ್ಡಕ್ಕೆ ತಗಡು ನಿಲ್ಲಿಸಿ, ಅದರಲ್ಲಿ 90 ಡಿಗ್ರಿಯ ‘ವಿ’ ಆಕಾರ ಕತ್ತರಿಸಿ. ತಗಡಿನಿಂದ ಒಂದು ಮೊಳ ಹಿಂದೆ, ‘ವಿ’ಯ ತಳಮೂಲೆಯ ಮಟ್ಟದಿಂದ ನೀರಿನ ಎತ್ತರ ಅಳೆಯಿರಿ: 5 ಸೆಂಟಿಮೀಟರ್ ಅಂದರೆ ಸೆಕೆಂಡಿಗೆ 0.77 ಲೀಟರ್, 7 ಅಂದರೆ 1.8, 10 ಅಂದರೆ 4.4. ತಗಡು ಬೇಡವೆನಿಸಿದರೆ 15 ಲೀಟರ್ ಬಕೆಟು ತುಂಬಲು ಎಷ್ಟು ಸೆಕೆಂಡು ಬೇಕು ನೋಡಿದರೂ ಆಯಿತು. ಪಕ್ಕದಲ್ಲೇ ಅವತ್ತಿನ ಕೆರೆಯ ಮಟ್ಟ ಬರೆಯಿರಿ. ಕೆರೆ ಏರಿದಾಗ ಜಿನುಗೂ ಏರಿದರೆ ಅದು ಸಹಜ. ಕೆರೆ ಅಷ್ಟೇ ಇದ್ದು ಜಿನುಗು ಹೆಚ್ಚಿದರೆ ಒಳಗೆ ದಾರಿ ಅಗಲವಾಗುತ್ತಿದೆ. ತಟ್ಟನೆ ನಿಂತುಹೋದರೂ ಸಂತೋಷಪಡಬೇಡಿ, ನೀರು ಬೇರೆ ಕಡೆ ಹೊರಳಿರಬಹುದು.

ಬಣ್ಣ ಇನ್ನೂ ಮುಖ್ಯ. ಬಿಸ್ಲೇರಿ ಬಾಟಲಿಯಲ್ಲಿ ಜಿನುಗಿನ ನೀರು ಹಿಡಿದು ಒಂದು ರಾತ್ರಿ ಅಲುಗಾಡದಂತೆ ಇಡಿ. ತಳದಲ್ಲಿ ಮಣ್ಣಿನ ಪದರ ಕೂತಿದ್ದರೆ ಏರಿ ಒಳಗಿನಿಂದ ಕರಗಿ ಹೋಗುತ್ತಿದೆ ಎಂದೇ ಲೆಕ್ಕ. ಆಗ ಬಹುತೇಕ ಎಲ್ಲರೂ ಮಾಡುವ ಕೆಲಸವೆಂದರೆ ಹೊರಗಿನ ತೂತಿಗೆ ಜೇಡಿಮಣ್ಣು ಮೆತ್ತುವುದು, ಇಲ್ಲ ಕಾಂಕ್ರೀಟ್ ಸುರಿಯುವುದು. ಇದು ತಪ್ಪು. ನೀರು ನಿಲ್ಲುವುದಿಲ್ಲ, ಒಳಗೆ ಒತ್ತಡ ಏರಿ ಇನ್ನೊಂದು ಕಡೆ, ಇನ್ನೂ ಮೇಲೆ ಬಾಯಿ ಬಿಡುತ್ತದೆ. ಮಾಡಬೇಕಾದದ್ದು ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುವ ಕೆಲಸ. ತೂತಿನ ಸುತ್ತ 3 ಮೀಟರ್ ಚೌಕಕ್ಕೆ ಮೊದಲು 15 ಸೆಂಟಿಮೀಟರ್ ದಪ್ಪ ಮರಳು, ಮೇಲೆ 15 ಸೆಂಟಿಮೀಟರ್ 6ರಿಂದ 12 ಮಿಲಿಮೀಟರಿನ ಜಲ್ಲಿ, ಅದರ ಮೇಲೆ 20ರಿಂದ 40ರ ಜಲ್ಲಿ, ಕೊನೆಗೆ ತೂಕಕ್ಕೆ ಕಲ್ಲು. ಮರಳು ಹಾಕುತ್ತಿದ್ದಂತೆ ಕೊಚ್ಚಿಹೋದರೆ ಮೊದಲು ಕಲ್ಲು ಹಾಕಿ ವೇಗ ಮುರಿದು ಆಮೇಲೆ ಮರಳು. ನೆಲದಿಂದ ಬುಗ್ಗೆ ಎದ್ದಿದ್ದರೆ ಸುತ್ತ ಮರಳು ಚೀಲದ ಬಳೆ ಕಟ್ಟಿ, ಒಳಗೆ ನೀರು ಏರಲಿ. ಬರುವ ನೀರು ತಿಳಿಯಾದ ಮಟ್ಟಕ್ಕೆ ನಿಲ್ಲಿಸಿ, ಪೂರ್ತಿ ಬಂದ್ ಮಾಡುವ ಹಟ ಬೇಡ.

ಪುಣೆಯಲ್ಲಿ ಈಗ ಸಿಗುವುದು ಕ್ರಶ್ ಸ್ಯಾಂಡ್. ಅದರಲ್ಲಿ ಕಲ್ಲಿನ ಹಿಟ್ಟು ಜಾಸ್ತಿ, ಹಾಗೇ ಹಾಕಿದರೆ ಒಂದು ಮಳೆಗೇ ಗಟ್ಟಿಯಾಗಿ ನೀರು ಬಿಡುವುದಿಲ್ಲ. ತೊಳೆದದ್ದೇ ಬೇಕು, ಹಿಟ್ಟು ಶೇ. 5ಕ್ಕಿಂತ ಕಡಿಮೆ ಇರಬೇಕು.

ಮರ, ಬಿಲ, ಬಿರುಕು

ಏರಿಯ ಮೇಲೆ ಸಾಲಾಗಿ ತೆಂಗು, ಬಿದಿರು, ಸುಬಾಬುಲ್ ನೆಟ್ಟರೆ ಫೋಟೋಗೆ ಚೆನ್ನ. ಬೇರು ಬದುಕಿರುವಾಗ ಮಣ್ಣು ಬಿರಿಯುತ್ತದೆ, ಸತ್ತು ಕೊಳೆತ ಮೇಲೆ ಅದೇ ಕೊಳವೆಯಾಗುತ್ತದೆ, ಗಾಳಿಗೆ ಮರ ಬುಡಮೇಲಾದರೆ ಏರಿಯ ಒಂದು ತುತ್ತೇ ಹೋಗುತ್ತದೆ. ಕಾಂಡ 10 ಸೆಂಟಿಮೀಟರಿಗಿಂತ ತೆಳ್ಳಗಿದ್ದರೆ ನೆಲಮಟ್ಟಕ್ಕೆ ಕತ್ತರಿಸಿ ಸಾಕು. ದೊಡ್ಡದಾದರೆ ಕೆರೆ ಇಳಿದಾಗ ಬೇರು ಸಮೇತ ಕಿತ್ತು ಆ ಗುಂಡಿಯನ್ನು ಪದರ ಪದರವಾಗಿ ತುಂಬಬೇಕು. ಬುಡದಿಂದ ಆಚೆಗೂ 5 ಮೀಟರ್ ಬೋಳಾಗಿರಲಿ. ಏರಿಗೆ ಗರಿಕೆಯೇ ಸಾಕು. ಆಗಾಗ ಕೊಯ್ಯಿರಿ, ಆಳೆತ್ತರ ಹುಲ್ಲಿನಲ್ಲಿ ಬಿಲವೂ ಕಾಣದು, ಬಿರುಕೂ ಕಾಣದು.

2019ರ ಜುಲೈ 2ರ ರಾತ್ರಿ ಚಿಪಳೂಣ್ ತಾಲ್ಲೂಕಿನ ತಿವರೆ ಏರಿ ಒಡೆದು ಇಪ್ಪತ್ತರ ಆಸುಪಾಸು ಜನ ಸತ್ತಾಗ ಅಂದಿನ ಮಂತ್ರಿಯೊಬ್ಬರು ತಪ್ಪನ್ನು ಏಡಿಗಳ ಮೇಲೆ ಹಾಕಿದ್ದು ದೊಡ್ಡ ನಗೆಪಾಟಲಾಯಿತು. ಏಡಿ, ಹೆಗ್ಗಣ, ಮುಳ್ಳುಹಂದಿ ಏರಿ ಕೊರೆಯುವುದು ಸುಳ್ಳಲ್ಲ. ಆದರೆ ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. ಬಿಲ ನೋಡಿ ಮುಚ್ಚುವುದು ಮನುಷ್ಯರ ಕೆಲಸ. ಒಂಬತ್ತು ಪಾಲು ಮಣ್ಣಿಗೆ ಒಂದು ಪಾಲು ಸಿಮೆಂಟ್ ಕಲಸಿ, ದೋಸೆ ಹಿಟ್ಟಿನ ಹದಕ್ಕೆ ನೀರು ಹಾಕಿ, ಬಿಲದ ಬಾಯಿಗೆ ಪೈಪು ನಿಲ್ಲಿಸಿ ತುಂಬುವವರೆಗೆ ಸುರಿಯಿರಿ. ಮರುದಿನ ಇಳಿದಿದ್ದರೆ ಮತ್ತೆ ಸುರಿಯಿರಿ.

ಬಿರುಕಿನಲ್ಲಿ ಎರಡು ಬಗೆ. ಏರಿಯ ಉದ್ದಕ್ಕೆ, ಅದೂ ಬಿಲ್ಲಿನಂತೆ ಬಾಗಿ ಒಂದು ಬದಿ ತುಸು ಕುಸಿದಿದ್ದರೆ ಇಳಿಜಾರು ಜಾರುತ್ತಿದೆ, ಎಂಜಿನಿಯರ್ ಬರಲಿ. ಏರಿಗೆ ಅಡ್ಡ, ಕೆರೆಯಿಂದ ಹೊರಮೈ ಕಡೆಗೆ ಹೋಗುವ ಬಿರುಕು ತೆಳ್ಳಗಿದ್ದರೂ ನೀರಿಗೆ ನೇರ ದಾರಿ. ಪುರಂದರ, ದೌಂಡ್ ಕಡೆ ಎರೆಮಣ್ಣಿನ ಏರಿಗಳು ಏಪ್ರಿಲ್, ಮೇಯಲ್ಲಿ ಒಣಗಿ ಬಿರಿಯುವುದು ಹೆಚ್ಚು. ಮೇಲೆ 30ರಿಂದ 60 ಸೆಂಟಿಮೀಟರ್ ಮುರುಮು ಹೊದಿಸಿದರೆ ಕಡಿಮೆಯಾಗುತ್ತದೆ. ಆಳ ತಿಳಿಯಲು ಬಿರುಕಿಗೆ ಸುಣ್ಣದ ನೀರು ಸುರಿಯಿರಿ, ಆಮೇಲೆ ಅಗೆಯುತ್ತ ಹೋಗಿ. ಬಿಳಿ ಗೆರೆ ಎಲ್ಲಿ ಮುಗಿಯುತ್ತದೋ ಅದರಿಂದ ಇನ್ನೂ 30 ಸೆಂಟಿಮೀಟರ್ ಕೆಳಗೆ ಹೋಗಿ, ಬದಿಗಳನ್ನು ಇಳಿಜಾರು ಮಾಡಿ, ಅದೇ ಜಾತಿಯ ಮಣ್ಣು ತುಂಬಿ.

ತುಂಬುವ ಕೆಲಸದಲ್ಲೇ ಬಹಳಷ್ಟು ದುಡ್ಡು ಹಾಳಾಗುವುದು. ಪೊಕ್ಲೇನ್ (ಚೈನಿನ ಮೇಲೆ ಓಡುವ ಅಗೆಯುವ ಯಂತ್ರ) ಮೇಲೆ ಕೆಳಗೆ ಓಡಾಡಿದರೆ ದಿಮ್ಮಸು ಆಯಿತು ಅಂತ ಕಂಟ್ರಾಕ್ಟರ್ ಹೇಳುತ್ತಾನೆ. ಅಗಲ ಚೈನು ಇರುವುದೇ ಮೆತ್ತಗಿನ ನೆಲದಲ್ಲಿ ಹುಗಿಯದಿರಲಿ ಅಂತ, ಅದರಿಂದ ಮಣ್ಣು ಒತ್ತುವುದು ಮೇಲುಮೇಲೆ ಮಾತ್ರ. ಮುಳ್ಳು ರೋಲರ್ ತರಿಸಿ. ಸಣ್ಣ ಜಾಗಕ್ಕೆ ಕೈ ದಿಮ್ಮಸು. ಇಲ್ಲಿ ಆಪರೇಟರುಗಳಲ್ಲಿ ವಿಜಯಪುರ, ಕಲಬುರಗಿ ಕಡೆಯವರು ಸಿಗುತ್ತಾರೆ, ಕನ್ನಡದಲ್ಲೇ ಹೇಳಬಹುದು: ‘ಅಣ್ಣಾ, ಒಂದ್ ಗೇಣ್ ಮಣ್ಣ್ ಹಾಕು, ನೀರ್ ಹೊಡಿ, ರೋಲರ್ ಹೊಡಿ, ಆಮ್ಯಾಲ ಮುಂದಿನ ಪದರ ಹಾಕು.’ ಒಂದು ಗೇಣು ಸಡಿಲ ಮಣ್ಣು ಒತ್ತಿದ ಮೇಲೆ 15 ಸೆಂಟಿಮೀಟರ್ ಆಗುತ್ತದೆ, ಅದಕ್ಕಿಂತ ದಪ್ಪಕ್ಕೆ ಒತ್ತು ಇಳಿಯುವುದಿಲ್ಲ. ಹದ ನೋಡಲು ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ಸೊಂಟದ ಎತ್ತರದಿಂದ ಬಿಡಿ: ಮೂರ್ನಾಲ್ಕು ತುಂಡಾದರೆ ಸರಿ, ಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಜಾಸ್ತಿ. ಪ್ರತಿ ಪದರದ ಮೇಲ್ಮೈಯನ್ನು ಗೀರಿ ಒರಟು ಮಾಡದೆ ಮುಂದಿನದು ಹಾಕಬಾರದು, ಎರಡರ ನಡುವೆ ನೀರು ದಾರಿ ಹುಡುಕುತ್ತದೆ.

ಮಳೆಗಾಲಕ್ಕೆ

ಮೇ ಮಧ್ಯದಲ್ಲಿ ಹುಲ್ಲು ಕೊಯ್ದು ಪೂರ್ತಿ ಒಂದು ಸುತ್ತು, ಜೂನ್ ಮೊದಲ ದೊಡ್ಡ ಮಳೆಯ ಮರುದಿನ ಇನ್ನೊಂದು, ಜುಲೈ-ಆಗಸ್ಟಿನಲ್ಲಿ ವಾರಕ್ಕೊಮ್ಮೆ, ಅಕ್ಟೋಬರಿನಲ್ಲಿ ಕೊನೆಯದು. ಏರಿಯ ಹತ್ತಿರ, ಲಾರಿ ಬರಲಾಗದ ದಿನಕ್ಕೂ ಕೈಗೆ ಸಿಗುವಂತೆ, ತೊಳೆದ ಮರಳು ಒಂದು ಬ್ರಾಸ್ (100 ಘನ ಅಡಿ), ಎರಡು ಸೈಜಿನ ಜಲ್ಲಿ ಒಂದೊಂದು ಬ್ರಾಸ್, ಇನ್ನೂರು ಖಾಲಿ ಚೀಲ, ತಾಡಪಾಲು, ಸಲಿಕೆ, ಟಾರ್ಚು ಇಡಿ.

ಕೆಸರು ನೀರು ರಭಸದಿಂದ ಬರತೊಡಗಿದರೆ, ಇಲ್ಲವೆ ಕೆರೆಯೊಳಗೆ ಸುಳಿ ಕಂಡರೆ, ಚೀಲಕ್ಕೆ ಕೈ ಹಾಕುವ ಮೊದಲು ಕೆಳಗಿನ ಮನೆಯವರನ್ನು ಎಬ್ಬಿಸಬೇಕು. ಆಮೇಲೆ 112, ಜಿಲ್ಲೆಯ ಆಪತ್ತು ನಿರ್ವಹಣೆಯ 1077. ನೀರು ನೆತ್ತಿಗೆ ಬರುತ್ತಿದ್ದರೆ ಜೆಸಿಬಿಯಿಂದ ಕೋಡಿಯನ್ನು ಅಗಲಿಸಿ, ಅದೂ ಗುಡ್ಡದ ಕಡೆಯ ಸಹಜ ನೆಲದಲ್ಲಿ. ಏರಿಯ ಮೈಗೆ ಬಕೆಟ್ ತಾಗಬಾರದು. ನೀವು ಪುಣೆಯಲ್ಲಿರುತ್ತೀರಿ, ರಾತ್ರಿ ಅಲ್ಲಿರುವವನು ವಾಚ್‌ಮನ್. ಯಜಮಾನರನ್ನು ಕೇಳದೆ ಊರು ಎಬ್ಬಿಸಿದರೆ ಬೈಯುತ್ತಾರೇನೋ ಎಂಬ ಅಂಜಿಕೆ ಅವನಿಗೆ ಇರಕೂಡದು. ಕೆಳಗಿನ ಮನೆಗಳ ನಂಬರು ಅವನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿರಲಿ, ಯಾಕೆ ಎಬ್ಬಿಸಿದೆ ಎಂದು ಆಮೇಲೆ ಕೇಳುವುದಿಲ್ಲ ಅಂತ ಅವನಿಗೆ ಮೊದಲೇ ಬಾಯಿಬಿಟ್ಟು ಹೇಳಿ. ಘಟ್ಟದ ಮಳೆಯಲ್ಲಿ ಕರೆಂಟೂ ಮೊಬೈಲ್ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ, ಆದ್ದರಿಂದ ಬ್ಯಾಟರಿ ಸೈರನ್ ಒಂದು ಬೇಕು, ಮತ್ತು ಅದರ ಸದ್ದು ಯಾವ ಮನೆಯವರೆಗೆ ಕೇಳುತ್ತದೆ ಎಂದು ಜೂನ್‌ಗೆ ಮುಂಚೆ ವಾಡಿಯವರನ್ನು ಕೂಡಿಸಿಕೊಂಡು ಒಮ್ಮೆ ಬಾರಿಸಿ ನೋಡಿರಬೇಕು.